ಒಂಬತ್ತು ಜಂಕ್ಷನ್‌ಗಳಿಗೆ ಲೇನ್ ಬಾಣ ಸೇರಿಸಿದ ಐದು ತಿಂಗಳು

ನನ್ನ ಅಪ್ಪ ಪ್ರತಿ ಗುರುವಾರ ಕೆಂಗೇರಿ ಉಪನಗರದ ನಮ್ಮ ಮನೆಯಿಂದ ಸಾರಕ್ಕಿಯಲ್ಲಿರುವ ತಮ್ಮ ತಂಗಿಯ ಮನೆಗೆ ಕಾರು ಓಡಿಸಿಕೊಂಡು ಹೋಗಿಬರುತ್ತಾರೆ. ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿಯವರೆಗೆ ಬಂದು, ಅಲ್ಲಿ ಔಟರ್ ರಿಂಗ್ ರೋಡ್ ಹಿಡಿದು, ಹೊಸಕೆರೆಹಳ್ಳಿ, ಕತ್ರಿಗುಪ್ಪೆ, ದೇವೇಗೌಡ ಪೆಟ್ರೋಲ್ ಬಂಕ್, ಕದಿರೇನಹಳ್ಳಿ ಅಂಡರ್‌ಪಾಸ್ ದಾಟಿ ಮುಂದೆ ಸಾಗುವ ಈ ದಾರಿ ಅವರಿಗೆ ಹೊಸದಲ್ಲ. ಆದರೆ 71ನೆಯ ವಯಸ್ಸಿನಲ್ಲಿ ಅವರ ಶ್ರವಣಶಕ್ತಿ ಬಹಳ ಕುಗ್ಗಿದೆ. ಕಿವಿಗೆ ಯಂತ್ರ ಹಾಕಿಕೊಂಡರೆ ಎಂಜಿನ್, ಹಾರನ್, ಗಾಳಿ ಎಲ್ಲವೂ ಒಂದೇ ಗದ್ದಲವಾಗಿ ಕೇಳುತ್ತವೆ ಎಂದು ಕಾರು ಓಡಿಸುವಾಗ ಅದನ್ನು ತೆಗೆದಿಡುತ್ತಾರೆ. ದಾರಿ ತೋರಿಸುವ ಆ್ಯಪ್ ಎಷ್ಟೇ ಸ್ಪಷ್ಟವಾಗಿ ಮಾತನಾಡಿದರೂ ಅವರಿಗೆ ಅದರಿಂದ ಪ್ರಯೋಜನವಿಲ್ಲ. ಕಣ್ಣಿಗೆ ಕಾಣುವುದಷ್ಟೇ ಅವರ ಪಾಲಿಗೆ ದಾರಿ.

ಕಳೆದ ಡಿಸೆಂಬರಿನಲ್ಲಿ ಒಂದು ಗುರುವಾರ, ಅಂಡರ್‌ಪಾಸಿಗೆ ಇಳಿಯುವ ಸಾಲಿನಲ್ಲಿ ಸಿಕ್ಕಿಕೊಂಡ ಅಪ್ಪ, ಮೇಲಿನ ಪಕ್ಕದ ರಸ್ತೆಯಲ್ಲೇ ಉಳಿಯಬೇಕಾಗಿತ್ತೆಂದು ಕೊನೆಯ ಗಳಿಗೆಯಲ್ಲಿ ಅರಿವಾಗಿ ಎಡಕ್ಕೆ ತಿರುಗಿಸಿದರು. ಹಿಂದಿನಿಂದ ಬರುತ್ತಿದ್ದ ಟೆಂಪೋ ಎಡಗಡೆಯ ಕನ್ನಡಿಯನ್ನು ಸವರಿಕೊಂಡು ಹೋಯಿತು. ಅವರು ಮನೆಯಲ್ಲಿ ಏನನ್ನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಒಡೆದ ಕನ್ನಡಿಗೆ ಟೇಪು ಸುತ್ತುತ್ತಿದ್ದುದನ್ನು ಕಂಡು ನಾನು ಒತ್ತಾಯಿಸಿದ ಮೇಲೆ, "ಎಲ್ಲಿ ತಿರುಗಬೇಕು ಅಂತ ಗೊತ್ತಾಗುತ್ತೆ ಕಣಮ್ಮ, ಯಾವ ಸಾಲಲ್ಲಿ ನಿಂತ್ಕೋಬೇಕು ಅಂತಾನೇ ಗೊತ್ತಾಗಲ್ಲ" ಎಂದರು.

ಆ ಮಾತಿನ ಹಿಂದೆ ಹೊರಟು, ಯಾವ ಸಾಲಿನಲ್ಲಿ ನಿಲ್ಲಬೇಕೆಂದು ತೋರಿಸುವ ಲೇನ್ ಬಾಣಗಳನ್ನು ಅಪ್ಪನ ಫೋನಿನ ಆ್ಯಪ್ ಬಳಸುವ ನಕ್ಷೆಗೆ ತುಂಬಲು ನನಗೆ ಐದು ತಿಂಗಳು ಹಿಡಿಯಿತು. ಒಂಬತ್ತು ಜಂಕ್ಷನ್‌ಗಳು, ಅವುಗಳಿಗೆ ಬಂದು ಸೇರುವ 33 ರಸ್ತೆ ಮುಖಗಳು, ಲೆಕ್ಕವಿಲ್ಲದಷ್ಟು ತಪ್ಪುಗಳು. ನನ್ನಂತೆ ತಾಂತ್ರಿಕ ಓದಿಲ್ಲದ, ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸದವರು ಈ ಕೆಲಸಕ್ಕೆ ಕೈ ಹಾಕುವುದಾದರೆ ನಾನು ಎಡವಿದ ಕಡೆಯೆಲ್ಲ ಅವರೂ ಎಡವಬಾರದೆಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಅಪ್ಪನ ಫೋನಿನಲ್ಲಿರುವುದು ಓಸ್ಮ್‌ಆ್ಯಂಡ್ ಎಂಬ ಆ್ಯಪ್. ತಿರುವು ಹತ್ತಿರವಾದಾಗ ಅದು ತೆರೆಯ ಮೇಲ್ಭಾಗದಲ್ಲಿ ಲೇನಿಗೊಂದರಂತೆ ಬಾಣಗಳನ್ನು ತೋರಿಸಿ, ನಾವು ನಿಲ್ಲಬೇಕಾದ ಲೇನನ್ನು ಎದ್ದು ಕಾಣುವಂತೆ ಮಾಡಬಲ್ಲದು. ನಮ್ಮ ರಿಂಗ್ ರೋಡಿನಲ್ಲಿ ಅದು ಏನನ್ನೂ ತೋರಿಸುತ್ತಿರಲಿಲ್ಲ, ಏಕೆಂದರೆ ಅದು ಬಳಸುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲಿ ಆ ಮಾಹಿತಿಯನ್ನು ಯಾರೂ ತುಂಬಿರಲಿಲ್ಲ. 2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ ಈ ನಕ್ಷೆಯನ್ನು ಜಗತ್ತಿನ ಸ್ವಯಂಸೇವಕರು ಸೇರಿ ಬೆಳೆಸುತ್ತಾರೆ. ಖಾತೆ ತೆರೆಯಲು ಹಣ ಕೊಡಬೇಕಾಗಿಲ್ಲ, ಒಂದು ಇಮೇಲ್ ಇದ್ದರೆ ಸಾಕು. ಯಾರದೋ ಅನುಮತಿ ಬೇಕಾಗಬಹುದೆಂದು ಮೊದಲ ವಾರ ನಾನು ಅಂಜಿಕೊಂಡೇ ಇದ್ದೆ. 2021ರ ಫೆಬ್ರವರಿಯಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹೊರಡಿಸಿದ ಮಾರ್ಗಸೂಚಿ, ಭಾರತೀಯರು ನಕ್ಷೆ ತಯಾರಿಸಲು ಪೂರ್ವಾನುಮತಿ ಪಡೆಯಬೇಕಾದ ಅಗತ್ಯವನ್ನು ತೆಗೆದುಹಾಕಿ, ಸೂಕ್ಷ್ಮ ಸ್ಥಳಗಳಿಗೆ ಸಂಬಂಧಿಸಿದ ನಿರ್ಬಂಧಗಳನ್ನು ಮಾತ್ರ ಉಳಿಸಿಕೊಂಡಿದೆ ಎಂದು ಓದಿದ ಮೇಲೆ ಮನಸ್ಸಿಗೆ ಸಮಾಧಾನವಾಯಿತು. ರಸ್ತೆಯ ಮೇಲೆ ಎಲ್ಲರ ಕಣ್ಣಿಗೂ ಕಾಣುವ ಬಾಣದ ಗುರುತನ್ನು ಬರೆದುಕೊಳ್ಳುವುದರಲ್ಲಿ ಅಂಜುವಂಥದ್ದೇನೂ ಇರಲಿಲ್ಲ.

ಕೆಲಸದ ತಿರುಳನ್ನು ಮೊದಲು ಹೇಳಿಬಿಡುತ್ತೇನೆ. ಈ ನಕ್ಷೆಯಲ್ಲಿ ಪ್ರತಿ ರಸ್ತೆಯೂ ಒಂದು ಗೆರೆ. ಅದನ್ನು ವೇ ಎನ್ನುತ್ತಾರೆ. ಆ ಗೆರೆಗೆ ಟ್ಯಾಗ್ ಎಂಬ ಚೀಟಿಗಳನ್ನು ಅಂಟಿಸುತ್ತಾ ಹೋಗಬೇಕು. ಎಷ್ಟು ಲೇನ್ ಇದೆ ಎಂಬುದಕ್ಕೆ 'ಲೇನ್ಸ್' ಎಂಬ ಟ್ಯಾಗ್, ಯಾವ ಲೇನಿನಲ್ಲಿ ಯಾವ ಬಾಣವಿದೆ ಎಂಬುದಕ್ಕೆ 'ಟರ್ನ್:ಲೇನ್ಸ್' ಎಂಬ ಟ್ಯಾಗ್. ಮೂರು ಲೇನ್ ಇರುವ ಕಡೆ ಎಡಗಡೆಯದರಲ್ಲಿ ನೇರಕ್ಕೂ ಎಡಕ್ಕೂ ಸೇರಿದ ಬಾಣ, ನಡುವಿನದರಲ್ಲಿ ನೇರ ಬಾಣ, ಬಲಗಡೆಯದರಲ್ಲಿ ಬಲಕ್ಕೆ ತಿರುಗುವ ಬಾಣ ಇದ್ದರೆ, 'ಥ್ರೂ;ಲೆಫ್ಟ್|ಥ್ರೂ|ರೈಟ್' ಎಂದು ಬರೆಯಬೇಕು. ಲೇನು ಲೇನಿನ ನಡುವೆ ನಿಂತ ಗೆರೆ, ಒಂದೇ ಲೇನಿನೊಳಗೆ ಎರಡು ದಿಕ್ಕಿದ್ದರೆ ಅರ್ಧವಿರಾಮ ಚಿಹ್ನೆ. ಬಾಣವಿಲ್ಲದ ಲೇನಿನ ಜಾಗವನ್ನು ಖಾಲಿ ಬಿಡಬೇಕು, ಆದರೆ ನಿಂತ ಗೆರೆಯನ್ನು ಬಿಡಬಾರದು. ಇಲ್ಲಿ ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನಕ್ಷೆಯಲ್ಲಿ ಇವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಬೇಕು.

ಇನ್ನು ನಾನು ಮಾಡಿದ ಮೊದಲ ದೊಡ್ಡ ತಪ್ಪು. ಲೇನುಗಳನ್ನು ಯಾವ ಕಡೆಯಿಂದ ಎಣಿಸಬೇಕು? ಅಪ್ಪ ಯಾವಾಗಲೂ ಡಿವೈಡರ್ ಪಕ್ಕದ ಸಾಲನ್ನೇ ಮೊದಲನೆಯದೆಂದು ಲೆಕ್ಕ ಹಿಡಿಯುತ್ತಾರೆ. ನಾನೂ ಯೋಚಿಸದೆ ಹಾಗೆಯೇ ಎಣಿಸಿ, ಜನವರಿಯ ಒಂದು ಭಾನುವಾರ ಇಡೀ ದಿನ ಕುಳಿತು ಒಂದು ಜಂಕ್ಷನ್ನಿನ ನಾಲ್ಕು ಮುಖಗಳನ್ನೂ ತುಂಬಿ ಅಪ್‌ಲೋಡ್ ಮಾಡಿದೆ. ಎರಡು ದಿನಗಳ ನಂತರ ಬೇರೆ ದೇಶದ ಒಬ್ಬ ಸ್ವಯಂಸೇವಕರಿಂದ ಸಂದೇಶ ಬಂದಿತು: ನಿಮ್ಮಲ್ಲಿ ವಾಹನಗಳು ಎಡಗಡೆ ಚಲಿಸುತ್ತವೆ, ಆದರೂ ಬಲಕ್ಕೆ ತಿರುಗುವ ಲೇನು ನಾಲ್ಕು ಕಡೆಯೂ ಎಡತುದಿಯಲ್ಲಿದೆ, ಇದು ನಿಜವೇ ಎಂದು ಬಹಳ ಸೌಜನ್ಯದಿಂದ ಕೇಳಿದ್ದರು. ನನ್ನ ಮೈ ಬೆವರಿತು. ಆ ಎರಡು ದಿನಗಳಲ್ಲಿ ಯಾರಾದರೂ ನನ್ನ ಬಾಣ ನಂಬಿ ತಪ್ಪು ಸಾಲಿಗೆ ನುಗ್ಗಿದ್ದರೆ ಎಂಬ ಚಿಂತೆಯಲ್ಲಿ ಅಂದು ಕಚೇರಿಯ ಕೆಲಸವೇ ಸಾಗಲಿಲ್ಲ. ಸಂಜೆ ಮನೆಗೆ ಬಂದವಳೇ ಎಲ್ಲವನ್ನೂ ತಿದ್ದಿದೆ. ದೇಶ ಯಾವುದೇ ಇರಲಿ, ವಾಹನ ಯಾವ ಬದಿಯಲ್ಲೇ ಚಲಿಸಲಿ, ಈ ಟ್ಯಾಗನ್ನು ಓಡಿಸುವವನ ಕಣ್ಣಿಗೆ ಕಾಣುವಂತೆ ಎಡದಿಂದ ಬಲಕ್ಕೆ ಬರೆಯಬೇಕು. ಡಿವೈಡರ್ ಇರುವ ರಸ್ತೆಯಲ್ಲಿ ಎರಡು ಬದಿಗೂ ಬೇರೆ ಬೇರೆ ಗೆರೆ ಇರುವುದರಿಂದ ಗೊಂದಲ ಕಡಿಮೆ. ಡಿವೈಡರ್ ಇಲ್ಲದ ಅಡ್ಡರಸ್ತೆಗಳಲ್ಲಿ ಒಂದೇ ಗೆರೆಗೆ ಎರಡು ದಿಕ್ಕು ಇರುತ್ತದೆ. ಗೆರೆಯನ್ನು ಎಳೆದ ದಿಕ್ಕಿನಲ್ಲಿ ಹೋಗುವವರಿಗೆ ಟ್ಯಾಗಿನ ಕೊನೆಗೆ 'ಫಾರ್ವರ್ಡ್' ಎಂದೂ, ಎದುರು ದಿಕ್ಕಿನವರಿಗೆ 'ಬ್ಯಾಕ್‌ವರ್ಡ್' ಎಂದೂ ಸೇರಿಸಬೇಕು. ಬ್ಯಾಕ್‌ವರ್ಡ್ ಎಂದು ಬರೆಯುವಾಗ ಮನಸ್ಸಿನಲ್ಲೇ ಆ ಕಡೆಗೆ ತಿರುಗಿ ನಿಂತು, ಅಲ್ಲಿಂದ ಕಾಣುವ ಎಡ ಬಲಗಳನ್ನು ಎಣಿಸಬೇಕು. ನಾನು ಕಾಗದದ ಮೇಲೆ ಚಿತ್ರ ಬರೆದು, ಕಾಗದವನ್ನೇ ತಿರುಗಿಸಿ ನೋಡಿ ಬರೆಯುತ್ತಿದ್ದೆ. ಈಗಲೂ ಹಾಗೆಯೇ ಮಾಡುತ್ತೇನೆ.

ಎರಡನೆಯ ಪ್ರಶ್ನೆ, ರಸ್ತೆಯ ಮೇಲಿನ ಗುರುತುಗಳನ್ನು ನೋಡುವುದು ಹೇಗೆ ಎಂಬುದು. ಬೆಂಗಳೂರಿನಲ್ಲಿ 2022ರ ಜುಲೈನಿಂದ ಗೂಗಲ್ ಸ್ಟ್ರೀಟ್ ವ್ಯೂ ಲಭ್ಯವಿದೆ. ಕುಳಿತಲ್ಲೇ ಅದನ್ನು ತೆರೆದು ಬಾಣ ಎಣಿಸಿಬಿಡುವುದು ಎಲ್ಲಕ್ಕಿಂತ ಸುಲಭ. ಆದರೆ ಅದು ನಿಷಿದ್ಧ. ಓಪನ್‌ಸ್ಟ್ರೀಟ್‌ಮ್ಯಾಪ್ ಮುಕ್ತ ಪರವಾನಗಿಯ ನಕ್ಷೆಯಾದ್ದರಿಂದ ಇನ್ನೊಬ್ಬರ ಹಕ್ಕಿರುವ ನಕ್ಷೆಯಿಂದಾಗಲೀ ಚಿತ್ರದಿಂದಾಗಲೀ ನಕಲು ಮಾಡುವಂತಿಲ್ಲ. ಹಾಗೆ ಮಾಡಿದ್ದು ಗೊತ್ತಾದರೆ ಮಾಡಿದ ಕೆಲಸವನ್ನೆಲ್ಲ ಅಳಿಸಿಬಿಡುತ್ತಾರೆ. ಬಿಂಗ್ ಮತ್ತು ಎಸ್ರಿಯ ಉಪಗ್ರಹ ಚಿತ್ರಗಳನ್ನು ಬಳಸಲು ಅನುಮತಿ ಇದೆ. ಅವುಗಳಲ್ಲಿ ನಮ್ಮ ರಸ್ತೆಯ ಅಗಲವೂ ಡಿವೈಡರೂ ಚೆನ್ನಾಗಿ ಕಾಣುತ್ತಿದ್ದವು. ಬಾಣಗಳು ಮಾತ್ರ ಕೆಲವು ಕಡೆ ಮರದ ನೆರಳಿನಲ್ಲಿ, ಕೆಲವು ಕಡೆ ಬಸ್ಸಿನ ಕೆಳಗೆ ಮರೆಯಾಗಿದ್ದವು. ಅದಕ್ಕಿಂತ ಮುಖ್ಯವಾಗಿ, ಆ ಚಿತ್ರ ತೆಗೆದ ಮೇಲೆ ರಸ್ತೆಗೆ ಮತ್ತೆ ಡಾಂಬರು ಬಿದ್ದಿರಬಹುದು. ಹಾಗಾಗಿ ಸ್ವತಃ ಹೋಗಿ ನೋಡದೆ ದಾರಿಯಿರಲಿಲ್ಲ.

ಇಲ್ಲಿ ನನಗೆ ಒದಗಿದ್ದು ರಿಂಗ್ ರೋಡಿನಲ್ಲಿ ಓಡಾಡುವ 500 ಸರಣಿಯ ಬಿಎಂಟಿಸಿ ಬಸ್ಸುಗಳು. ಮುಂಭಾಗದ ಸೀಟುಗಳು ಮಹಿಳೆಯರಿಗೆ ಮೀಸಲಾಗಿರುವುದರಿಂದ ನನಗೆ ಮುಂದಿನ ಗಾಜಿನ ಹತ್ತಿರದ ಜಾಗ ಬೇಗ ಸಿಗುತ್ತಿತ್ತು. ಶಕ್ತಿ ಯೋಜನೆಯಿಂದಾಗಿ ಆಧಾರ್ ಕಾರ್ಡ್ ತೋರಿಸಿದರೆ ಟಿಕೆಟ್ಟಿನ ಹಣವೂ ಇಲ್ಲ. ಹವಾನಿಯಂತ್ರಿತ ವಜ್ರ ಬಸ್ಸುಗಳಿಗೆ ಈ ಯೋಜನೆ ಅನ್ವಯಿಸುವುದಿಲ್ಲ ಎಂಬುದನ್ನು ಗಮನದಲ್ಲಿಡಿ. ಮ್ಯಾಪಿಲರಿ ಎಂಬ ಆ್ಯಪನ್ನು ಫೋನಿನಲ್ಲಿ ಹಾಕಿಕೊಂಡು, ಫೋನನ್ನು ಗಾಜಿಗೆ ಒತ್ತಿ ಹಿಡಿದರೆ ಅದು ತಾನಾಗಿಯೇ ಚಿತ್ರಗಳನ್ನು ತೆಗೆಯುತ್ತಾ ಪ್ರತಿ ಚಿತ್ರಕ್ಕೂ ಸ್ಥಳವನ್ನು ಗುರುತು ಹಾಕುತ್ತದೆ. ಮುಖಗಳನ್ನೂ ನಂಬರ್ ಪ್ಲೇಟುಗಳನ್ನೂ ಅದು ಮಸುಕಾಗಿಸುತ್ತದೆ. ಆ ಚಿತ್ರಗಳನ್ನು ನೋಡಿ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಮಾಹಿತಿ ಸೇರಿಸಲು ಮುಕ್ತ ಅನುಮತಿ ಇದೆ.

ಜನವರಿಯಿಂದ ಫೆಬ್ರವರಿ ಕೊನೆಯವರೆಗೆ ಹದಿನಾಲ್ಕು ಸಲ ಹೀಗೆ ಬಸ್ಸಿನಲ್ಲಿ ಓಡಾಡಿದೆ. ಬಸ್ಸು ನಿಲ್ದಾಣಕ್ಕಾಗಿ ಎಡಬದಿಯಲ್ಲೇ ಚಲಿಸುವುದರಿಂದ ಬಲತುದಿಯ ಲೇನಿನ ಬಾಣ ಬಹುತೇಕ ಎಲ್ಲ ಚಿತ್ರಗಳಲ್ಲೂ ಬೇರೆ ವಾಹನಗಳ ಮರೆಯಲ್ಲಿ ಸಿಕ್ಕಿರುತ್ತಿತ್ತು. ನಮಗೆ ಮುಖ್ಯವಾಗಿ ಬೇಕಾಗಿದ್ದುದೇ ಆ ಬಲತಿರುವಿನ ಲೇನು. ಗಾಜಿನ ಮೇಲೆ ಬೆಳಕಿನ ಪ್ರತಿಬಿಂಬ ಬಿದ್ದು ಹಾಳಾದ ಚಿತ್ರಗಳೂ ಬಹಳ; ಕಪ್ಪು ಬಟ್ಟೆಯೊಂದನ್ನು ಫೋನಿನ ಸುತ್ತ ಹಿಡಿದ ಮೇಲೆ ಅದು ಕಡಿಮೆಯಾಯಿತು. ಸೂರ್ಯ ಎದುರಿಗೆ ಬರುವ ಹೊತ್ತಿನಲ್ಲಿ ಹೋಗದಿರುವುದು ಇನ್ನೂ ಒಳ್ಳೆಯದು. ದ್ವಿಚಕ್ರ ವಾಹನ ಓಡಿಸುತ್ತಾ ಚಿತ್ರ ತೆಗೆಯುವ ಸಾಹಸವನ್ನಂತೂ ಯಾರೂ ಮಾಡಬೇಡಿ.

ಕೊನೆಗೆ ಉಳಿದ ಹನ್ನೆರಡು ಮುಖಗಳಿಗಾಗಿ ಭಾನುವಾರಗಳಂದು ಬೆಳಿಗ್ಗೆ ಆರು ಗಂಟೆಗೆ ಆಟೋ ಹಿಡಿದು ಹೋಗಿ, ಫುಟ್‌ಪಾತಿನ ಮೇಲೆ ನಿಂತು, ಪುಸ್ತಕದಲ್ಲಿ ಕೈಯಿಂದಲೇ ಬರೆದುಕೊಂಡೆ. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ನಂಬಲರ್ಹವಾದ ಮಾಹಿತಿ ಬಂದದ್ದು ಆ ಪುಸ್ತಕದಿಂದಲೇ. ಒಂದು ಕಡೆ ಸಂಚಾರ ಪೊಲೀಸರೊಬ್ಬರು ಹತ್ತಿರ ಬಂದು, "ಏನಮ್ಮಾ, ಇಷ್ಟು ಹೊತ್ತಿಗೆ ರೋಡ್ ನೋಡ್ಕೊಂಡು ಏನು ಬರೀತಿದೀರ?" ಎಂದು ವಿಚಾರಿಸಿದರು. ಅಪ್ಪನ ವಿಷಯ ಹೇಳಿ, ಫೋನಿನಲ್ಲಿ ನಕ್ಷೆ ತೆರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಹಾಗಿದ್ರೆ ಇದನ್ನೂ ಬರ್ಕೊಳ್ಳಿ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಇಲ್ಲಿ ರೈಟ್ ಬಿಡಲ್ಲ. ಭಾನುವಾರ ಇಲ್ಲ" ಎಂದು, ಹೊಂಗೆ ಮರದ ಕೊಂಬೆಗಳ ಹಿಂದೆ ಮುಚ್ಚಿಹೋಗಿದ್ದ ಫಲಕವನ್ನು ಬೆರಳು ಮಾಡಿ ತೋರಿಸಿದರು. ಮೂರು ಸಲ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿದ್ದರೂ ಆ ಫಲಕ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬಾಣ ಬಲಕ್ಕೆ ತೋರಿಸುತ್ತಿದ್ದರೂ ಕೆಲವು ಗಂಟೆಗಳ ಕಾಲ ತಿರುವು ನಿಷಿದ್ಧವಾಗಿರಬಹುದು; ಅದನ್ನು ಲೇನಿನ ಟ್ಯಾಗಿನಲ್ಲಿ ಬರೆಯಲಾಗುವುದಿಲ್ಲ. ಯಾವ ರಸ್ತೆಯಿಂದ, ಯಾವ ಬಿಂದುವಿನ ಮೂಲಕ, ಯಾವ ರಸ್ತೆಗೆ ಎಂಬ ಮೂರನ್ನೂ ಜೋಡಿಸಿ ರಿಸ್ಟ್ರಿಕ್ಷನ್ ಎಂಬ ರಿಲೇಶನ್ (ಹಲವು ಗೆರೆ, ಬಿಂದುಗಳನ್ನು ಒಂದಾಗಿ ಕಟ್ಟುವ ದಾಖಲೆ) ರಚಿಸಿ, ವಾರ ಮತ್ತು ವೇಳೆಯ ಷರತ್ತನ್ನು ಅದಕ್ಕೆ ಸೇರಿಸಬೇಕು. ಲೇನಿನ ಬಾಣವನ್ನೂ ತಿರುವಿನ ನಿಷೇಧವನ್ನೂ ಬೇರೆ ಬೇರೆಯಾಗಿ ಪರಿಶೀಲಿಸಬೇಕೆಂಬುದು ಆ ಬೆಳಿಗ್ಗೆ ನನಗೆ ಅರ್ಥವಾದದ್ದು.

ಇನ್ನೊಂದು ಪ್ರಶ್ನೆ ನನ್ನನ್ನು ವಾರಗಟ್ಟಲೆ ಕಾಡಿತು. ನಗರದ ರಸ್ತೆಗಳಲ್ಲಿ ಒಂದು ಲೇನಿನ ಅಗಲ ಸಾಮಾನ್ಯವಾಗಿ 3.5 ಮೀಟರ್. ಮೂರು ಲೇನ್ ಬಳಿದಿರುವ ಕಡೆ ಸಂಜೆಯ ಹೊತ್ತು ನೋಡಿದರೆ ಆಟೋ, ಬೈಕುಗಳೆಲ್ಲ ಸೇರಿ ಐದು ಸಾಲು ನಿಂತಿರುತ್ತವೆ. ಬಲಕ್ಕೆ ತಿರುಗುವವರು ನಡುವಿನ ನೇರ ಬಾಣದ ಲೇನಿನಲ್ಲೂ ನಿಂತಿರುತ್ತಾರೆ. ನಕ್ಷೆಯಲ್ಲಿ ಬರೆಯಬೇಕಾದ್ದು ಬಳಿದದ್ದನ್ನೋ, ನಡೆಯುವುದನ್ನೋ? ಇನ್ನೂ ಕಷ್ಟದ ಸಂಗತಿಯೆಂದರೆ, ಕೆಲವು ಮುಖಗಳಲ್ಲಿ ಬಣ್ಣ ಪೂರ್ತಿ ಸವೆದುಹೋಗಿತ್ತು. ಅಲ್ಲಿ ಯಾವ ಸಾಲು ಎತ್ತ ಹೋಗುತ್ತದೆ ಎಂಬುದು ದಿನವೂ ಓಡಾಡುವವರಿಗೆ ಗೊತ್ತು, ನನಗೂ ಗೊತ್ತು. ಅದನ್ನು ಬರೆದುಬಿಟ್ಟರೆ ಅಪ್ಪನಿಗೆ ಅನುಕೂಲ. ಮೊದಲ ತಿಂಗಳು ಎರಡು ಮುಖಗಳಿಗೆ ಹಾಗೆ ಬರೆದೂ ಬಿಟ್ಟೆ.

ಆದರೆ ಈ ನಕ್ಷೆಯ ಅಡಿಪಾಯವೇ, ಸ್ಥಳಕ್ಕೆ ಹೋದವರು ಯಾರು ಬೇಕಾದರೂ ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳಬಹುದಾದ್ದನ್ನು ಮಾತ್ರ ಬರೆಯಬೇಕೆಂಬ ನಿಯಮ. ನಾನು ರೂಢಿಯಿಂದ ಬಲ್ಲದ್ದನ್ನು ಬಾಣವೆಂದು ಬರೆದರೆ, ಆ ಊರಿನ ಪರಿಚಯವಿಲ್ಲದ ಚಾಲಕ ತೆರೆಯ ಮೇಲಿನ ಬಾಣವನ್ನೂ ಎದುರಿನ ಖಾಲಿ ಡಾಂಬರನ್ನೂ ನೋಡಿ ಗಲಿಬಿಲಿಗೊಳ್ಳುತ್ತಾನೆ. ನಾಳೆ ಅಲ್ಲಿ ಬೇರೆ ರೀತಿಯ ಬಾಣ ಬಳಿದರೆ ನನ್ನ ಊಹೆ ಸುಳ್ಳಾಗುತ್ತದೆ. ಆ ಎರಡು ಮುಖಗಳ ಟ್ಯಾಗುಗಳನ್ನು ನಾನೇ ತೆಗೆದುಹಾಕಿದೆ. ಗೆರೆಗಳೂ ಇಲ್ಲದ ಕಡೆ 'ಲೇನ್ ಮಾರ್ಕಿಂಗ್ಸ್ ಇಲ್ಲ' ಎಂಬ ಅರ್ಥದ ಟ್ಯಾಗ್ ಇದೆ, ಅದನ್ನು ಹಾಕಿ ಸುಮ್ಮನಾಗಬಹುದು. ಬಳಿದ ಬಾಣವಲ್ಲದೆ ತಲೆಯ ಮೇಲಿನ ದೊಡ್ಡ ಫಲಕದಲ್ಲಿ ಲೇನಿಗೊಂದು ಬಾಣ ತೋರಿಸಿದ್ದರೆ ಅದೂ ಸಲ್ಲುತ್ತದೆ.

ಮಾರ್ಚಿನಲ್ಲಿ ತುಂಬುವ ಕೆಲಸ ಗಂಭೀರವಾಗಿ ಶುರುವಾಯಿತು. ಬ್ರೌಸರಿನಲ್ಲೇ ತೆರೆದುಕೊಳ್ಳುವ ಐಡಿ ಎಂಬ ಎಡಿಟರ್ ಕಲಿಯಲು ಸುಲಭ, ಆದರೆ ಲೇನಿನ ಕೆಲಸಕ್ಕೆ ಜೋಸಮ್ ಎಂಬ ತಂತ್ರಾಂಶವೇ ಸರಿ. ಅದರಲ್ಲಿ ಲೇನುಗಳನ್ನೂ ಬಾಣಗಳನ್ನೂ ರಸ್ತೆಯ ಮೇಲೆ ಬರೆದಂತೆಯೇ ತೋರಿಸುವ ಒಂದು ಸ್ಟೈಲ್ ಇದೆ; ಅದನ್ನು ಹಾಕಿಕೊಂಡರೆ ಎಡ ಬಲ ಅದಲುಬದಲಾದದ್ದು ತಕ್ಷಣ ಕಣ್ಣಿಗೆ ಬೀಳುತ್ತದೆ. ನನ್ನ ಹಳೆಯ ಲ್ಯಾಪ್‌ಟಾಪ್ ಇದನ್ನು ತಾಳಲಾರದೆ ಪದೇ ಪದೇ ನಿಂತುಹೋಗುತ್ತಿದ್ದುದರಿಂದ ಮೆಮೊರಿ ಹೆಚ್ಚಿಸಲು 1,600 ರೂಪಾಯಿ ಕೊಟ್ಟೆ. ಇಡೀ ಐದು ತಿಂಗಳ ಖರ್ಚಿನಲ್ಲಿ ಇದೇ ದೊಡ್ಡದು. ಆಟೋಗಳಿಗೆ 1,150, ಫೋನ್ ಹಿಡಿದಿಡುವ ಸ್ಟ್ಯಾಂಡಿಗೆ 380. ತಂತ್ರಾಂಶಕ್ಕೆ ಒಂದು ಪೈಸೆಯೂ ಇಲ್ಲ.

ಜಂಕ್ಷನ್ ಹತ್ತಿರ ಬಂದಂತೆ ಮೂರು ಲೇನಿನ ರಸ್ತೆ ನಾಲ್ಕಾಗುತ್ತದೆ, ಬಾಣಗಳು ಶುರುವಾಗುತ್ತವೆ. ಆ ಬದಲಾವಣೆ ಎಲ್ಲಿ ಆಗುತ್ತದೋ ಅಲ್ಲಿ ಗೆರೆಯನ್ನು ತುಂಡು ಮಾಡಿ, ಮುಂದಿನ ತುಂಡಿಗೆ ಮಾತ್ರ ಹೊಸ ಟ್ಯಾಗುಗಳನ್ನು ಹಾಕಬೇಕು. ನನಗೆ ಹೆಚ್ಚಿನ ನೋವು ಕೊಟ್ಟದ್ದು ಈ ತುಂಡರಿಸುವ ಕೆಲಸ. ಒಂದು ಗೆರೆ ಬರಿಯ ರಸ್ತೆಯಲ್ಲ. ಅದರ ಮೇಲೆ ಹತ್ತಾರು ಬಸ್ ಮಾರ್ಗಗಳ ರಿಲೇಶನ್‌ಗಳು ಹಾದುಹೋಗಿರುತ್ತವೆ, ತಿರುವು ನಿಷೇಧಗಳು ಅಂಟಿಕೊಂಡಿರುತ್ತವೆ. ತುಂಡು ಮಾಡುವಾಗ ಜೋಸಮ್ ಎಚ್ಚರಿಕೆಯೊಂದನ್ನು ತೋರಿಸಿತು. ಅವಸರದಲ್ಲಿ ಅದನ್ನು ಓದದೆ ಮುಂದುವರಿದೆ. ಪರಿಣಾಮವಾಗಿ ಒಂದು ಬಸ್ ಮಾರ್ಗದ ತುಂಡುಗಳ ಕ್ರಮ ತಪ್ಪಿ, ನಡುವೆ ಎರಡು ಕಡೆ ಕಡಿದುಹೋಯಿತು. ಅದನ್ನು ವರ್ಷಗಳ ಹಿಂದೆ ಯಾರೋ ಒಂದೊಂದೇ ತುಂಡು ಜೋಡಿಸಿ ಕಟ್ಟಿದ್ದರು. ಅವರ ಶ್ರಮವನ್ನು ನಾನು ಕೆಡಿಸಿದೆನಲ್ಲ ಎಂದು ಬಹಳ ನೊಂದುಕೊಂಡೆ; ಸರಿಪಡಿಸಲು ಮೂರು ರಾತ್ರಿ ಹಿಡಿಯಿತು. ಗೆರೆ ತುಂಡು ಮಾಡುವ ಮೊದಲು ಅದರ ಮೇಲಿರುವ ರಿಲೇಶನ್‌ಗಳಲ್ಲಿ ಸೇರಿರುವ ಅಕ್ಕಪಕ್ಕದ ಗೆರೆಗಳನ್ನು ಪೂರ್ತಿಯಾಗಿ ಡೌನ್‌ಲೋಡ್ ಮಾಡಿಕೊಳ್ಳಿ, ಮುಗಿದ ಮೇಲೆ ಪ್ರತಿ ರಿಲೇಶನ್ ತೆರೆದು ಸರಪಳಿ ಕಡಿದಿಲ್ಲವೆಂದು ನೋಡಿ. ಜೋಸಮ್‌ನಲ್ಲಿ ತಪ್ಪು ಹುಡುಕುವ ವ್ಯಾಲಿಡೇಟರ್ ತೋರಿಸುವ ಎಚ್ಚರಿಕೆಗಳನ್ನೂ ಬಿಡಬೇಡಿ. ಲೇನ್ಸ್ ಟ್ಯಾಗಿನಲ್ಲಿ ನಾಲ್ಕು ಎಂದಿದ್ದು ಬಾಣಗಳು ಮೂರೇ ಇದ್ದರೆ ಅದು ಹಿಡಿದು ಹೇಳುತ್ತದೆ.

ಎಡಕ್ಕೆ ಬಿಡುವ ಫ್ರೀ ಲೆಫ್ಟ್ ದಾರಿಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಲ್ಲಿನ ದ್ವೀಪವೊಂದು ಆ ದಾರಿಯನ್ನು ಮುಖ್ಯ ರಸ್ತೆಯಿಂದ ನಿಜವಾಗಿ ಬೇರ್ಪಡಿಸಿದ್ದರೆ ಮಾತ್ರ ಅದಕ್ಕೆ ಪ್ರತ್ಯೇಕ ಗೆರೆ ಎಳೆಯಬೇಕು. ಆಗ ಎಡಬಾಣವು ಕವಲೊಡೆಯುವ ಜಾಗದವರೆಗಿನ ತುಂಡಿಗೆ ಸೇರುತ್ತದೆ, ಅಲ್ಲಿಂದ ಸಿಗ್ನಲ್‌ವರೆಗಿನ ತುಂಡಿಗೆ ಸೇರುವುದಿಲ್ಲ. ಬರಿಯ ಬಣ್ಣದ ಪಟ್ಟೆಗಳಿದ್ದರೆ ಪ್ರತ್ಯೇಕ ಗೆರೆ ಬೇಡ. ಅಂಡರ್‌ಪಾಸಿನ ಬಾಯಿಯಲ್ಲೂ ಇದೇ ರೀತಿ: ಗೋಡೆ ಶುರುವಾಗುವ ಕಡೆ ಗೆರೆ ಎರಡಾಗುತ್ತದೆ, ಬಾಣದ ಮಾಹಿತಿ ಅದಕ್ಕೆ ಮೊದಲಿನ ತುಂಡಿನಲ್ಲಿರಬೇಕು.

ಏಪ್ರಿಲ್ ಮಧ್ಯದಲ್ಲಿ ನಾನು ತುಂಬಿದ್ದ ಎರಡು ಜಂಕ್ಷನ್‌ಗಳ ಬಾಣಗಳನ್ನು ನಗರದ ಇನ್ನೊಬ್ಬ ಸ್ವಯಂಸೇವಕರು ಅಳಿಸಿಹಾಕಿದ್ದನ್ನು ನೋಡಿದೆ. ಉಪಗ್ರಹ ಚಿತ್ರದಲ್ಲಿ ಬಾಣ ಕಾಣುವುದಿಲ್ಲ ಎಂಬುದು ಅವರ ಕಾರಣ. ಮೊದಲು ಸಿಟ್ಟು ಬಂದಿತು. ನಂತರ ನನ್ನ ಹಳೆಯ ಚೇಂಜ್‌ಸೆಟ್, ಅಂದರೆ ಒಟ್ಟಿಗೆ ಅಪ್‌ಲೋಡ್ ಮಾಡಿದ ಬದಲಾವಣೆಗಳ ಕಟ್ಟನ್ನು ತೆರೆದು ನೋಡಿದರೆ, ಅದರ ಟಿಪ್ಪಣಿಯಲ್ಲಿ 'ಲೇನ್ ಸೇರಿಸಿದೆ' ಎಂದಷ್ಟೇ ಇತ್ತು. ಯಾವಾಗ ನೋಡಿದ್ದು, ಹೇಗೆ ನೋಡಿದ್ದು ಎಂಬುದನ್ನು ನಾನು ಬರೆದಿರಲೇ ಇಲ್ಲ. ಅವರು ತಿಳಿಯುವುದಾದರೂ ಹೇಗೆ? ಮ್ಯಾಪಿಲರಿಯ ಚಿತ್ರಗಳನ್ನೂ ಭೇಟಿಯ ದಿನಾಂಕವನ್ನೂ ತಿಳಿಸಿ ಬರೆದೆ. ಅದೇ ಸಂಜೆ ಅವರು ಕ್ಷಮೆ ಕೇಳಿ ಎಲ್ಲವನ್ನೂ ಮೊದಲಿನಂತೆ ಮಾಡಿದರು. ಅಂದಿನಿಂದ ಪ್ರತಿ ಅಪ್‌ಲೋಡಿನ ಟಿಪ್ಪಣಿಯಲ್ಲೂ ಜಂಕ್ಷನ್ನಿನ ಹೆಸರು, ಸ್ವತಃ ನೋಡಿದ ದಿನಾಂಕ, ಚಿತ್ರಗಳ ಮೂಲ ಎಲ್ಲವನ್ನೂ ಬರೆಯುತ್ತೇನೆ. ಒಂದು ಸಲಕ್ಕೆ ಒಂದೇ ಜಂಕ್ಷನ್ ಅಪ್‌ಲೋಡ್ ಮಾಡಿದರೆ ಇತರರಿಗೆ ಪರಿಶೀಲಿಸಲೂ ಸುಲಭ.

ನಂತರ ಬಂದದ್ದು ಕಾಯುವ ಕಾಲ. ನಾವು ಅಪ್‌ಲೋಡ್ ಮಾಡಿದ್ದು ಮೂಲ ದತ್ತಾಂಶಕ್ಕೆ ತಕ್ಷಣ ಸೇರುತ್ತದೆ, ಆದರೆ ಅಪ್ಪನ ಫೋನಿನ ನಕ್ಷೆ ತಿಂಗಳಿಗೊಮ್ಮೆ ಮಾತ್ರ ಹೊಸದಾಗುತ್ತದೆ. ಬೇಗ ಬೇಕೆಂದರೆ ಹಣ ಕೊಟ್ಟು ಪಡೆಯುವ ಸೌಲಭ್ಯವಿದೆ, ನಾವು ಕಾದೆವು. ಮೇ ತಿಂಗಳ ನಕ್ಷೆ ಬಂದ ಕೂಡಲೇ ಡೌನ್‌ಲೋಡ್ ಮಾಡಿ, ಆ ಗುರುವಾರ ರಜೆ ಹಾಕಿ ಅಪ್ಪನ ಪಕ್ಕದಲ್ಲಿ ಕುಳಿತು ಹೊರಟೆ. ನಾಯಂಡಹಳ್ಳಿ ದಾಟಿದ ಮೇಲೆ ಮೊದಲ ಬಾರಿಗೆ ತೆರೆಯ ಮೇಲೆ ಮೂರು ಬಾಣಗಳು ಮೂಡಿದವು. ಅಪ್ಪ ಒಮ್ಮೆ ತೆರೆ ನೋಡಿದರು, ಒಮ್ಮೆ ರಸ್ತೆ ನೋಡಿದರು, ಇಂಡಿಕೇಟರ್ ಹಾಕಿ ಸಾವಕಾಶವಾಗಿ ಸಾಲು ಬದಲಿಸಿದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ, ಕಣ್ಣು ತುಂಬಿ ಬಂದಿತ್ತು.

ಒಂದು ಜಂಕ್ಷನ್ನಿನಲ್ಲಿ ಮಾತ್ರ ಏನೂ ಬರಲಿಲ್ಲ. ಟ್ಯಾಗುಗಳೆಲ್ಲ ಸರಿಯಾಗಿದ್ದವು. ಎರಡು ಸಂಜೆ ಹುಡುಕಿದ ಮೇಲೆ ಕಾರಣ ಸಿಕ್ಕಿತು: ಬಾಣಗಳು ಜೀಬ್ರಾ ಪಟ್ಟೆಯ ಹತ್ತಿರ ಮುಗಿಯುತ್ತವೆಂದು ನಾನು ಗೆರೆಯನ್ನು ಅಲ್ಲಿಯೂ ಒಮ್ಮೆ ತುಂಡು ಮಾಡಿದ್ದೆ. ಪಟ್ಟೆಯಿಂದ ಅಡ್ಡರಸ್ತೆ ಕೂಡುವ ಬಿಂದುವಿನವರೆಗೆ ಕೆಲವೇ ಮೀಟರಿನ ಸಣ್ಣ ತುಂಡೊಂದು ಟ್ಯಾಗಿಲ್ಲದೆ ಉಳಿದಿತ್ತು. ದಾರಿ ಹುಡುಕುವ ತಂತ್ರಾಂಶ ನೋಡುವುದು ತಿರುವಿನ ಬಿಂದುವಿಗೆ ತಾಗಿರುವ ಕೊನೆಯ ತುಂಡನ್ನು. ಅದು ಖಾಲಿಯಾಗಿದ್ದರೆ ಹಿಂದಿನ ತುಂಡಿನ ಮಾಹಿತಿಯೆಲ್ಲ ವ್ಯರ್ಥ. ಬಾಣದ ಟ್ಯಾಗನ್ನು ಬಣ್ಣ ಮುಗಿಯುವ ಕಡೆಗೆ ನಿಲ್ಲಿಸದೆ ಕೂಡುವ ಬಿಂದುವಿನವರೆಗೂ ಒಯ್ಯಿರಿ. ಈ ಒಂದು ತಪ್ಪಿಗಾಗಿ ನಾವು ಜೂನ್ ತಿಂಗಳ ನಕ್ಷೆ ಬರುವವರೆಗೆ ಮತ್ತೆ ಕಾಯಬೇಕಾಯಿತು.

ಜೂನ್ ನಕ್ಷೆಯಲ್ಲಿ ಅದೂ ಸರಿಯಾಯಿತು. ಆದರೆ ಅಷ್ಟರಲ್ಲಿ ಎರಡು ಮುಖಗಳಿಗೆ ಹೊಸ ಡಾಂಬರು ಬಿದ್ದು, ನಾನು ಫುಟ್‌ಪಾತಿನ ಮೇಲೆ ನಿಂತು ಬರೆದುಕೊಂಡಿದ್ದ ಬಾಣಗಳೆಲ್ಲ ಅದರಡಿಗೆ ಹೋಗಿದ್ದವು. ಹೊಸ ಬಣ್ಣ ಇನ್ನೂ ಬಿದ್ದಿಲ್ಲ. ಕಂಪ್ಯೂಟರಿನ ಮುಂದೆ ಬಹಳ ಹೊತ್ತು ಕುಳಿತು, ಕೊನೆಗೆ ಆ ಎರಡರ ಟ್ಯಾಗುಗಳನ್ನು ತೆಗೆದು, ಡಾಂಬರು ಕಂಡ ದಿನಾಂಕ ಬರೆದು ಅಪ್‌ಲೋಡ್ ಮಾಡಿದೆ. ರಾತ್ರಿ ಊಟಕ್ಕೆ ಕುಳಿತಾಗ, ಮುಂದಿನ ನಕ್ಷೆಯಲ್ಲಿ ಆ ಎರಡು ಕಡೆ ಬಾಣ ಬರುವುದಿಲ್ಲವೆಂದು ಅಪ್ಪನಿಗೆ ಜೋರಾಗಿ ಹೇಳಿ, ಏಕೆಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಇಲ್ಲದ್ದನ್ನ ಇದೆ ಅಂತ ತೋರಿಸೋದು ಬೇಡ, ಅಲ್ಲಿ ನಾನೇ ನೋಡ್ಕೊಂಡು ಹೋಗ್ತೀನಿ. ಬಣ್ಣ ಬಳಿದಿದ್ದು ಕಂಡ ದಿನ ಹೇಳ್ತೀನಿ, ನೀನು ಪುಸ್ತಕ ತಗೊಂಡು ಬಾ" ಎಂದರು.